ಗಟ್ಟಿಮೇಳ ತಂತಿಗೆ ಬರುವುದಿಲ್ಲ

ಫೋನು ಬಂದದ್ದು ಮಟಮಟ ಮಧ್ಯಾಹ್ನ.
“ಅಕ್ಕಿ ಗಿರಣಿ ಅಮರೇಗೌಡರ ಮನಿಯಿಂದ. ಮಗಳ ಮದುವಿ.
ನಾಕು ತಾಸು ತಂತಿವಾದ್ಯ ಬೇಕು. ಎಷ್ಟು ತಗೋತೀರಿ?”
ಹದಿನೆಂಟು ಸಾವಿರ ಅಂದೆ, ಮೂರು ಜನಕ್ಕೆ.
“ಕುಂತು ಬಾರಿಸೋದಲ್ಲೇನ್ರಿ, ಅದಕೇನು ದಣಿವು?
ಊಟ ನಮ್ಮದೇ ಐತಿ, ಹನ್ನೆರಡು ಮಾಡ್ಕೊಳ್ರಿ.
ಇನ್ನೊಂದು ಮಾತು. ಪಿಟೀಲು ಅಂದ್ರ ಅಳತೈತಿ ಅಂತಾರ,
ನಮ್ಮವರನ್ನ ಅಳಸಬ್ಯಾಡ್ರಿ.”
ಹದಿನಾಲ್ಕಕ್ಕೆ ಕುದುರಿತು.
ಮುಂಗಡ ಎರಡು, ರಸೀದಿ ಇಲ್ಲ.

ಅಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ.
ಇದೇ ಅಮರೇಗೌಡರ ಮದುವೆಯಲ್ಲಿ
ತೀನ್ ಕಂದೀಲಿನಿಂದ ಗಂಜಿನ ತನಕ
ಅವನ ಸನಾದಿ ಬರಿಗಾಲಲ್ಲಿ ನಡೆದಿತ್ತು.
ಈಗ ಮುಂದಿನ ಮೂರು ಹಲ್ಲಿಲ್ಲ,
ಊದಿದರೆ ಗಾಳಿಯೆಲ್ಲ ಪಕ್ಕಕ್ಕೆ ಸೋರುತ್ತದೆ.
“ಕುಂತು ಬಾರಿಸ್ತೀರೇನು?” ಅಂದ. ಸ್ವಲ್ಪ ಹೊತ್ತು ಬಿಟ್ಟು,
“ನಮಗ ಯಾರೂ ಕುಂಡ್ರು ಅಂದಿದ್ದಿಲ್ಲ.”
ಹಾಗೆ ಬಂದ ಅವನು, ಪೆಟ್ಟಿಗೆ ಹೊರುವವನಾಗಿ.

ಮಂಟಪದ ಹೊರಗೆ ನಲವತ್ತಮೂರು ಡಿಗ್ರಿ,
ಒಳಗೆ ಏಸಿ ಹದಿನೆಂಟು.
ಖಲೀಲ್ ಸಾಬರ ಸಿತಾರು
ಹೊಸ್ತಿಲು ದಾಟುವುದರೊಳಗೆ ಅರ್ಧ ಸ್ವರ ಜಾರಿತು.
ಮಾನ್ವಿಯ ಗುರುಬಸವ ಮೇಷ್ಟ್ರು ಎರಡನೆಯ ಪಿಟೀಲಿನ ಬಿರಡೆಯನ್ನು
ಹೋಂವರ್ಕ್ ಮಾಡದ ಹುಡುಗನ ಕಿವಿಯಂತೆ ಹಿಂಡಿದರು.
ಅಷ್ಟರಲ್ಲಿ ಕರೆಂಟು ಹೋಯಿತು.
ಹಿತ್ತಲಲ್ಲಿ ಜನರೇಟರು ಗುಂಯ್ ಅಂತು,
ನಮ್ಮ ಷಡ್ಜಕ್ಕಿಂತ ಒಂದು ಕೂದಲೆಳೆ ಕೆಳಗೆ.
ಖಲೀಲ್ ಸಾಬರು ಹುಬ್ಬು ಹಾರಿಸಿದರು: ಇಳೀರಿ.
ಇಳಿದೆವು ಮೂವರೂ, ಡೀಸೆಲ್ಲಿನ ಶ್ರುತಿಗೆ.
ಕರೆಂಟು ಬಂತು. ಶ್ರುತಿ ಹೋಯಿತು.
ನಾವು ಕೆಳಗೇ ಉಳಿದೆವು.

ಅಲ್ಹೈಯಾ ಬಿಲಾವಲ್ ಹಿಡಿದೆ.
ಗದ್ವಾಲಿನ ಬೀಗರು ತೆಲುಗಿನಲ್ಲಿ ಇಡ್ಲಿ ಬಿಸಿಯಿಲ್ಲವೆಂದರು.
ಒಬ್ಬ ಪೋರ ಬಂದು ಪಿಟೀಲಿನ ಹೊಟ್ಟೆಯ ಸೀಳಿನೊಳಗೆ
ಅಕ್ಕಿಕಾಳು ಒಂದೊಂದಾಗಿ ಹಾಕಿದ;
ಆಮೇಲೆ ಪ್ರತಿ ಸ್ವರಕ್ಕೂ ಒಳಗೊಂದು ಗಿಲಿಗಿಲಿ.
ಫೋಟೋದವನು ಬಗ್ಗಿ ಅಂದ:
“ಕಮಾನು ಹಾಂಗೇ ಹಿಡೀರಿ ಮೇಡಂ, ಬಾರಿಸಬ್ಯಾಡ್ರಿ,
ಅಲುಗಾಡತೈತಿ.”

ಆಗ ಅಯ್ಯನವರು ಬೆರಳೆತ್ತಿದರು.
“ಗಟ್ಟಿಮೇಳ! ಗಟ್ಟಿಮೇಳ!”
ಇಡೀ ಮಂಟಪ ನಮ್ಮ ಕಡೆ ತಿರುಗಿತು.

ಈ ಮಾತು ಯಾರೂ ಕುದುರಿಸಿರಲಿಲ್ಲ.
ಯಾರೋ ಸೀನಿದ್ದು, ಯಾರೋ ಬಿಕ್ಕಿದ್ದು
ಕೇಳದಿರಲೆಂದು ಇರುವ ಸದ್ದು ಅದು.
ತಂತಿ ಇರುವುದು ಕೇಳಿಸಲಿಕ್ಕೆ.
ಕೊಯ್ದೆ, ಕೊಯ್ದೆ, ಕಮಾನಿನ ಕೂದಲು ನಾಕು ಹರಿದವು,
ಖಲೀಲ್ ಸಾಬರ ಉಗುರು ಒಡೆಯಿತು,
ಆದರೂ ಮದುಮಗಳು ಬಿಕ್ಕಿದ್ದು
ಹಿಂದಿನ ಸಾಲಿಗೂ ಕೇಳಿತು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಗುಡುಗಿದಂತಾಯಿತು.
ಅಪ್ಪ. ನೆಲಕ್ಕೆ ಕೂತು, ಬರಿದಾದ ಪಿಟೀಲು ಪೆಟ್ಟಿಗೆಯನ್ನು
ಮಂಡಿಗಳ ನಡುವೆ ಸಿಕ್ಕಿಸಿಕೊಂಡು,
ಎರಡೂ ಅಂಗೈಯಲ್ಲಿ.
ಸನಾದಿಯವನಿಗೆ ಡೋಲು ಯಾರು ಕಲಿಸಿದರೋ.
ಅಕ್ಕಿಕಾಳು ಬಿದ್ದವು, ಅರಿಸಿನದ ಮಳೆ,
ಅವನ ಬೋಳು ತಲೆಯ ಮೇಲೂ.
ನಾನು ಕಮಾನು ಇಳಿಸಿದೆ.
ಯಾರಿಗೂ ಅದು ಗೊತ್ತಾಗಲಿಲ್ಲ.

ಲೆಕ್ಕ ಚುಕ್ತಾ ಮಾಡುವಾಗ ಐನೂರು ಮುರಿದುಕೊಂಡರು,
ಎರಡು ಸಲ ಚಹಾ ಕೊಟ್ಟದ್ದಕ್ಕಂತೆ.
ಮನೆಯಲ್ಲಿ ಪಿಟೀಲನ್ನು ಬೋರಲು ಹಿಡಿದು ಕುಲುಕಿದೆ,
ಹನ್ನೊಂದು ಕಾಳು ಉದುರಿದವು.
ಇನ್ನೊಂದು ಒಳಗೇ ಇದೆ, ಮಂದ್ರದಲ್ಲಿ ಮಾತಾಡುತ್ತದೆ.

ಎಂಟು ದಿನಕ್ಕೆ ಮತ್ತೆ ಫೋನು, ಸಿಂಧನೂರಿನದು.
“ಅಮರೇಗೌಡರ ಮದುವ್ಯಾಗ ನೋಡಿದ್ವಿ.
ಆ ಡಬ್ಬಿ ಬಾರಿಸೋ ಮುದುಕನ್ನೂ ಕರಕೊಂಡು ಬರ್ರಿ.
ರೇಟು ಅದೇ ಅಲ್ಲೇನು?”

ಅಪ್ಪನ ಕಡೆ ನೋಡಿದೆ.
ಪೆಟ್ಟಿಗೆಯ ಸೀಳಿದ ಮೂಲೆಗೆ ಅಂಟು ಹಚ್ಚುತ್ತಿದ್ದ.
ನಾಲ್ಕು ಜನ, ಅಂದೆ, ನಾಲ್ಕು ಕುರ್ಚಿ. ಇಪ್ಪತ್ತಾರು ಸಾವಿರ.
ಆ ಕಡೆ ಏನೂ ಇಲ್ಲ.
ಬರೀ ತಂತಿಯೊಳಗಿನ ಗುಂಯ್.
ಶ್ರುತಿ ಹಿಡಿದು ಕೂತೆ.