ಮೂರು ನಿಮಿಷ

ನನ್ನ ಹೆಸರು ಡಾರ್ಲೀನ್ ಕಾರ್ಡಿನಲ್.
ಹನ್ನೊಂದು ಚಳಿಗಾಲದಿಂದ ಈ ಊರಿನ ಹಿಮ ತಳ್ಳುವ ಲಾರಿ ಓಡಿಸುತ್ತೇನೆ.
ಹಸಿರು ದೀಪ ಹತ್ತಿದೆ, ಅಲ್ಲವೇ? ಸರಿ.

ನಿಮ್ಮ ಬಜೆಟ್ ಪುಸ್ತಕ ಓದಿದೆ. ಇನ್ನೂರ ಹನ್ನೆರಡು ಪುಟ.
ಮುಖಪುಟದಲ್ಲಿ ಕೆಂಪು ಟೊಪ್ಪಿಗೆಯ ಮಗು ನಗುತ್ತಿದೆ.
ನಾಲ್ಕನೇ ಪುಟದಲ್ಲಿ ಆದ್ಯತೆಗಳು ಐದು,
ಐದಕ್ಕೂ ಒಂದೊಂದು ಬಣ್ಣ.
ಯಾರೂ ಹಿಂದುಳಿಯದ ನಗರ ಅನ್ನುವುದಕ್ಕೆ ತಿಳಿನೀಲಿ.
ಚಂದ ಇದೆ.
ನಾನು ಬೆರಳು ಹಚ್ಚಿ ಹುಡುಕಿದ್ದು ನೂರ ಎಂಬತ್ತೇಳನೇ ಪುಟ,
ಅಲ್ಲಿ ಅಕ್ಷರಗಳು ಇರುವೆ ಗಾತ್ರ:
ಮೊದಲ ದರ್ಜೆಯ ರಸ್ತೆ, ಹಿಮ ನಿಂತ ಎಂಟು ಗಂಟೆಯೊಳಗೆ.
ಎರಡನೇ ದರ್ಜೆ, ಮರುದಿನ.
ಮೂರನೆಯದು, ಸಂಪನ್ಮೂಲ ಒದಗಿದಂತೆ.

ಒದಗಿದಂತೆ.
ಆ ಪದದ ಮೇಲೆ ಲಾರಿ ಓಡಿಸಿದವಳು ನಾನು,
ಅದರ ಉದ್ದ ನನಗೆ ಗೊತ್ತು.
ಗೋದಾಮಿನ ಹಿಂದಿನಿಂದ ರೈಲು ಹಳಿಯಾಚೆಯ ತನಕ,
ಆರು ದಿನ ಉದ್ದ.

ಲಾರಿಯ ಮೂತಿಗೆ ಕಟ್ಟಿದ ಕಬ್ಬಿಣಕ್ಕೆ
ನಮ್ಮಲ್ಲಿ ನೇಗಿಲು ಅಂತಲೇ ಹೆಸರು.
ಉಳುತ್ತೇವೆ, ಬಿತ್ತುವುದು ಮಾತ್ರ ಉಪ್ಪು.
ನೀವು ಕಾಗದದ ಮೇಲೆ ಎಳೆದ ಸಾಲನ್ನೇ
ರಾತ್ರಿ ಎರಡಕ್ಕೆ ನಾನು ನೆಲದ ಮೇಲೆ ಎಳೆಯುತ್ತೇನೆ;
ಬೆಳಗಾದರೆ ಓದು ಬಾರದವರೂ ಅದನ್ನು ಓದಬಹುದು,
ಎಲ್ಲಿ ಕಪ್ಪು, ಎಲ್ಲಿ ಇನ್ನೂ ಬಿಳಿ ಅಂತ.

ಊರು ಬೆಳೆದಿದೆ, ಸುಳ್ಳಲ್ಲ.
ನಾನು ಸೇರಿದಾಗ ರೇವನ್ ರಿಡ್ಜ್ ಬರೀ ಹಳದಿ ಕನೋಲಾ ಹೊಲ.
ಈಗ ಅಲ್ಲಿ ಸುತ್ತಿ ಸುತ್ತಿ ತಮ್ಮನ್ನೇ ಮುಟ್ಟುವ ಬೀದಿಗಳು,
ಮೂರು ಕಾರಿನ ಗ್ಯಾರೇಜುಗಳು.
ಲಾರಿ ಆಗಲೂ ಒಂಬತ್ತು, ಈಗಲೂ ಒಂಬತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪಿದೆ.
ರಾತ್ರಿಯೆಲ್ಲ ಹೊದಿಕೆಯ ಹೊರಗೆ ಉಳಿಯುವುದು ಯಾರ ಕಾಲು?
ಪ್ರತಿ ವರ್ಷ ಅದೇ ಕಾಲೇ?

ಹಳದಿ ದೀಪ. ಬೇಗ ಹೇಳುತ್ತೇನೆ.

ಕಳೆದ ಫೆಬ್ರವರಿ, ಮೈನಸ್ ಮೂವತ್ತೊಂದು.
ಹಳಿಯಾಚೆ ಮರಿವಿಕ್, ವೃದ್ಧಾಶ್ರಮದ ಬೆಳಗಿನ ಪಾಳಿಯವಳು,
ಮೊಣಕಾಲು ಹುಗಿಯುವ ಹಿಮದಲ್ಲಿ
ಬಸ್ಸಿನ ಕಡೆ ನಡೆಯುತ್ತಿದ್ದಳು,
ಕೆಲಸದ ಬಿಳಿ ಶೂ ಚೀಲದಲ್ಲಿ.
ನಾನು ಲಾರಿ ತಿರುಗಿಸಿದೆ.
ಅವಳ ಬೀದಿ, ಆ ತುದಿಯಿಂದ ಈ ತುದಿ, ಇಪ್ಪತ್ತು ನಿಮಿಷ.
ಅದಕ್ಕೆ ಬಂದ ನೋಟೀಸು ಈ ಜೇಬಿನಲ್ಲೇ ಇದೆ.
ಅದನ್ನು ತೋರಿಸಲು ಬಂದವಳಲ್ಲ ನಾನು.
ಆ ಇಪ್ಪತ್ತು ನಿಮಿಷ ಎಲ್ಲಿಂದ ಬಂತು ಅಂತ ಹೇಳಬೇಕು.
ಆಸ್ಪತ್ರೆಯ ಇಳಿಜಾರಿನಿಂದ ಬಂತು.
ಅದೇ ಹೊತ್ತಿಗೆ ಅಲ್ಲೊಂದು ಆಂಬುಲೆನ್ಸ್
ಚಕ್ರ ಜಾರಿ ಅಡ್ಡ ನಿಂತಿತ್ತು.
ಒಳಗಿದ್ದ ಮುದುಕ ಬದುಕಿದ.
ಅದು ನನ್ನ ಪುಣ್ಯವಲ್ಲ, ಅವನದು.
ಆ ರಾತ್ರಿ ನಾನೂ ಒಂದು ಬಜೆಟ್ ಮಾಡಿದೆ, ಮಾನ್ಯರೇ,
ಒಬ್ಬಳೇ, ಕ್ಯಾಬಿನ್ನಿನ ಕತ್ತಲಲ್ಲಿ,
ಯಾವ ಸಭೆಯನ್ನೂ ಕರೆಯದೆ.

ಆವತ್ತಿನಿಂದ ನಿಮ್ಮ ಮೇಲಿನ ಸಿಟ್ಟು ಅರ್ಧ ಇಳಿದಿದೆ.
ಉಳಿದರ್ಧಕ್ಕೆ ಕೇಳುತ್ತೇನೆ:
ನಾಲ್ಕನೇ ಪುಟದಲ್ಲಿ, ಆ ಐದು ಬಣ್ಣಗಳ ಪಕ್ಕ,
ಯಾರು ಕಾಯಬೇಕು ಅಂತಲೂ ಬರೆಯಿರಿ.
ಬೀದಿಯ ಹೆಸರು ಹಿಡಿದು, ಅಷ್ಟೇ ದಪ್ಪ ಅಕ್ಷರದಲ್ಲಿ.
ಮರಿವಿಕ್ ಆಕಾಶಕ್ಕೆ ಬೈಯುತ್ತಾಳೆ, ಪಾಪ,
ಮೋಡವೇ ತನ್ನ ಬೀದಿಯನ್ನು ಮರೆತಿದೆ ಅಂದುಕೊಂಡು.
ಮೋಡ ಎಲ್ಲರ ಮೇಲೂ ಒಂದೇ ಸಮ ಸುರಿಯುತ್ತದೆ.

ಕೆಂಪಾಯಿತು. ಮುಗಿಸಿದೆ.
ಕಿಟಕಿಯಾಚೆ ನೋಡಿ, ಶುರುವಾಗಿದೆ.
ನನ್ನ ಪಾಳಿ ಹತ್ತಕ್ಕೆ.
ನೀವು ನಿಧಾನಕ್ಕೆ ಚರ್ಚೆ ಮಾಡಿ, ಗಾಬರಿ ಬೇಡ,
ನಿಮ್ಮ ಕಾರುಗಳು ನಿಂತಿರುವ ಅಂಗಳ
ಮೊದಲ ದರ್ಜೆಯದು.