ನಾಕನೆಯದು

ಹೈದರಾಬಾದಿನ ಗುಜರಿಯಿಂದ ಬಂತು ಹೆಡ್ಡು
ಜೋಳದ ಚೀಲದಾಗ, ನನ್ನ ತೊಡಿ ಮ್ಯಾಲ.
ಜಹೀರಾಬಾದ್ ದಾಟಿದ ಮ್ಯಾಲ ಕಂಡಕ್ಟರ್ ಮುಟ್ಟಿ ನೋಡಿದ:
'ಏನೋ ಇದು, ಕಬ್ಬಿಣದ ಕೂಸೇನು?'
ಅರ್ಧ ಟಿಕೆಟು ಹರಿದ.

ರುಕ್ಮೊದ್ದೀನ್ ಉಸ್ತಾದರು ಸೀಮೆಎಣ್ಣಿಲೆ ಒರೆಸಿ
ಅದರ ಬಾಯೊಳಗ ಬೆರಳು ಹಾಕಿ ತಿರುವಿದರು,
ಹಲ್ಲು ನೋಡಿ ಎತ್ತು ಕೊಳ್ಳವರಂಗ.
'ಉಸಿರು ದೊಡ್ಡದದ. ಮನಿ ಸಣ್ಣದು.'

ಮನಿ ಅಂದ್ರ ಎಸ್ತೆರಮ್ಮ ಸಿಸ್ಟರ ಕಾರು:
ಎರಡೇ ಸೀಟು, ಕೋಟೆಕಲ್ಲಿನ ಕೆಂಪು,
ಮಿಶನ್ ದವಾಖಾನಿ ಬಿಟ್ಟುಹೋದ ಡಾಕ್ಟರು
ಬಾಕಿ ಪಗಾರದ ಬದಲು ಬಿಟ್ಟ ಎಂಜಿ.
ಇಪ್ಪತ್ತೆರಡು ವರ್ಷ ಮೈಲೂರಿನ ಕೋಳಿಗೂಡಿನ್ಯಾಗ ನಿಂತು
ಬಾನೆಟ್ಟಿನ ಮ್ಯಾಲ ಇನ್ನೂ ಕೋಳಿಕಾಲಿನ ಗೀರು.
ಸಿಸ್ಟರು ಕೇಳಿದ್ದು ಒಂದೇ:
'ಜನವಾಡದ ಏರು ಮೂರನೇ ಗೇರಿನ್ಯಾಗ ಹತ್ತಬೇಕು,
ನನಗ ಎಪ್ಪತ್ತೈದು ತುಂಬೂದ್ರೊಳಗ.'
ಯಾಕ ಅಂತ ನಾವು ಕೇಳಲಿಲ್ಲ.

ದೊಡ್ಡ ಹೆಡ್ಡು ಕೂಡಿಸಿ ಮೊದಲು ಕೈಲೆ ತಿರುವಬೇಕು,
ಯಾವುದು ಯಾವುದಕ್ಕ ತಾಕತದ ನೋಡಾಕ.
'ಹಿಟ್ಟು ನಾದಿ ತಾ,' ಅಂದರು.
ನಾ ತಂದದ್ದು ಜೋಳದ್ದು. ಬಿರಿದು ಪುಡಿ ಆತು.
'ಏ ಹೆಡ್ಡ! ಹೆಡ್ಡಿನ ಕೆಲಸಕ್ಕ ಗೋಧಿದು ಬೇಕೋ!'
ಹೋಟೆಲಿನ ಮಾಣಿಕಪ್ಪ ಮುಷ್ಟಿ ಕಣಕ ಕೊಟ್ಟ,
ಪೂರಿ ಎಷ್ಟು ಆಗ್ತಿದ್ವು ಅಂತ ಲೆಕ್ಕಾನೂ ಹೇಳಿದ.

ಬ್ಲಾಕಿನ ಅಂಚಿಗೆ ಕಣಕ ಒತ್ತಿ, ತಿರುವಿ, ತಡೆದಲ್ಲಿ ನಿಲ್ಲಿಸಿ,
ಬಿಚ್ಚಿ ನೋಡಿದ್ರ
ನಾಕೂ ಕಡೆ ಹಿಟ್ಟು ಹರಿದು ಎಳೆಚಂದ್ರ.
'ಚಾಂದ್ ಕಾಣ್ತು,' ಅಂದು ನಕ್ಕರು ಉಸ್ತಾದರು,
ಆಮ್ಯಾಲ ನಗಲಿಲ್ಲ.
ವಾಲ್ವು ಇಳಿಯಾಕ ಜಾಗ ಇಲ್ಲ. ಬ್ಲಾಕು ಕೊರೀಬೇಕು.

ಬಿದರಿ ಕೆಲಸದ ಮನಿ ನಮ್ಮದು.
ಖಲಂ ಬಿಟ್ಟು ಪಾನಾ ಹಿಡಿದವ ನಾನೊಬ್ಬನೇ.
ಹೂಜಿ ಮ್ಯಾಲ ಬೆಳ್ಳಿ ಕೂಡುವಷ್ಟೇ ಕೊರಿ,
ಕೂದಲೆಳಿ ಹೆಚ್ಚಾದ್ರ ತಂತಿ ಅಳ್ಳಾಡತದ ಅಂತಿದ್ದ ಅಪ್ಪ,
ನಾ ಕೂಡಿಸಿದ ತಂತಿ ಉಗುರಿಲೆ ಎಬ್ಬಿಸಿ ತೋರಿಸಿ.

ಹಳೆ ವಾಲ್ವಿನ ಮುಖಕ್ಕ ಮುರಿದ ಲೇಥ್ ಟೂಲಿನ ಚೂರು ಬೆಸೆದೆ,
ಅಪ್ಪನ ಅರದಲೆ ಹಲ್ಲು ತಿದ್ದಿದೆ.
ಉಸ್ತಾದರು ಸಿಲಿಂಡರಿನ ಗೋಡೆಗೆ ಸೂಜಿಲೆ ಗೆರೆ ಎಳೆದರು:
'ಇದರ ಕೆಳಗ ರಿಂಗಿನ ಸೀಮೆ. ಅಲ್ಲಿ ಕಾಲಿಡಬ್ಯಾಡ.'
ಒಂದು. ಎರಡು. ಊಟ ಮಾಡಿ ಮೂರು.
ಕಬ್ಬಿಣದ ಪುಡಿ ಕಾಡಿಗಿ ಹಂಗ ಹುಬ್ಬಿಗೆ ಹತ್ತಿತ್ತು.
ನಾಕನೆಯದು ಕೊರೆಯೂ ಹೊತ್ತಿಗೆ
ಮ್ಯಾಲ ಏರ್‌ಫೋರ್ಸಿನ ವಿಮಾನ ಹಾದು ತಗಡು ನಡುಗಿತು,
ಇಲ್ಲ, ಸುಳ್ಳು; ನಡುಗಿದ್ದು ನನ್ನ ಕೈ.
ಗೆರೆ ಅಳಿಸಿತು.
ಉಸ್ತಾದರು ಬಗ್ಗಿ ನೋಡಿದರು. ಬೀಡಿ ಹಚ್ಚಿದರು.
'ಮುಚ್ಚು,' ಅಂದರು.

ಏರು ಹತ್ತಿತು, ಮೂರನೇ ಗೇರಿನ್ಯಾಗ.
ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದ ಹಾಕಿ
ಸಿಸ್ಟರು ಸೆರಗು ಬಾಯಾಗ ಕಚ್ಚಿ ಓಡಿಸಿದರು.
ನಾ ಪಕ್ಕದಾಗ ಕೂತು ಕೇಳಿದ್ದು
ಮೂರು ಸಿಲಿಂಡರಿನ ಹಾಡಲ್ಲ, ನಾಕನೆಯದರ ಸಣ್ಣ ಉಸ್ಸು.

ಮ್ಯಾಲ ನಿಲ್ಲಿಸಿ, ಬಾನೆಟ್ಟು ಎತ್ತಿ,
ಚೀಲದಿಂದ ತಮ್ಮ ಹಳೆ ನಳಿಕಿ ತೆಗೆದು ಕಿವಿಗೆ ಹಚ್ಚಿ
ಎಂಜಿನ್ನಿಗೆ ಇಟ್ಟರು.
ಸರಿಸಿದರು. ಮತ್ತ ಸರಿಸಿದರು. ನಾಕನೆಯದರ ಮ್ಯಾಲ ತಡೆದರು.
'ಇಲ್ಲಿ ಸ್ವಲ್ಪ ಉಬ್ಬಸ ಅದಲ್ಲಾ?'
'ಹೌದ್ರಿ. ನನ್ನ ಕೈದು.'
ನಳಿಕಿ ಸುತ್ತಿ ಇಟ್ಟು, ಇಳಕಲಿನ ಕಡೆ ಭಾಳ ಹೊತ್ತು ನೋಡಿ,
'ನಡಿ, ಇನ್ನೊಮ್ಮೆ ಇಳಿದು ಹತ್ತೋಣು,' ಅಂದರು.

ಹಳೆ ಹೆಡ್ಡು ಅಂಗಡಿ ಬಾಗಿಲಿಗೆ ಒತ್ತಾಗಿ ಇಟ್ಟೇವಿ.
ಎಡವಿದಾಗೆಲ್ಲ ಬೈತೀವಿ, ತೆಗೆಯೂದಿಲ್ಲ.