ಆರು ಅಂಕೆ

ಬಂದರಿನ ಮೆಣಸಿನ ಮಂಡಿಯ ಮಹಡಿಯಲ್ಲಿ
ನನ್ನದೊಂದು ಸೈಬರ್.
ಮೂರು ಕಂಪ್ಯೂಟರು. ಒಂದಕ್ಕೆ ಘಾಟು ಹತ್ತಿ
ಫ್ಯಾನು ಕೆಮ್ಮುತ್ತದೆ. ಇನ್ನೊಂದರ ಕೀಲಿಮಣೆಯಲ್ಲಿ
ಅಕ್ಷರಗಳೆಲ್ಲ ಸವೆದುಹೋಗಿವೆ,
ಬೆರಳಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.
ಕಿಟಕಿ ತೆರೆದರೆ ಬೆಂಗ್ರೆ ಕಾಣುತ್ತದೆ,
ನಡುವೆ ಐದು ನಿಮಿಷದ ನೀರು.

ಮಿಸ್ರಿಯಾ ಬಂದದ್ದು ಕೊನೆಯ ದಿನ,
ಎರಡೂವರೆಯ ಫೆರಿಯಲ್ಲಿ.
ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ,
ಅದರೊಳಗೆ ಅಂಕಪಟ್ಟಿ, ಆದಾಯ ಪತ್ರ,
ಒದ್ದೆಯಾಗದಂತೆ ದಾಟಿಸಿ ತಂದ
ಒಂದು ವರ್ಷದ ಕಾಲೇಜು.

"ಇಷ್ಟು ದಿನ ಏನು ಮಾಡ್ತಿದ್ದೆ?"
"ಬಂದಿದ್ದೆ. ಮೂರು ಸಲ. ಒಮ್ಮೆ ಕರೆಂಟಿರಲಿಲ್ಲ,
ಒಮ್ಮೆ ಸರ್ವರ್ ಇರಲಿಲ್ಲ, ಒಮ್ಮೆ ನೀವೇ ಇರಲಿಲ್ಲ."
ನಿಜ. ಅತ್ತಾವರದಲ್ಲಿ ಮದುವೆಯಿತ್ತು.

ಪಕ್ಕದಲ್ಲಿ ಕೂತು ನನ್ನ ತಪ್ಪು ತಿದ್ದಿದಳು.
ಇದಿನಬ್ಬ ಎಂದು ಹೊಡೆದೆ, ಇಂಗ್ಲಿಷಿನಲ್ಲಿ, ಎರಡು ಬಿ ಹಾಕಿ.
"ಒಂದೇ ಸಾಕು ಸರ್. ಆಧಾರಿನಲ್ಲಿ ಒಂದೇ ಬಿದ್ದಿದೆ.
ಸರಿ ಮಾಡಿದರೆ ಉಪ್ಪ ಬೇರೆಯವರಾಗ್ತಾರೆ."

ಎಲ್ಲ ತುಂಬಿತು. ಗುಂಡಿ ಒತ್ತಿದೆ.
ಪರದೆ ಆರು ಅಂಕೆ ಕೇಳಿತು.

ನಂಬರು ಉಪ್ಪನದ್ದು. ಉಪ್ಪ ಟ್ರಾಲ್ ಬೋಟಿನಲ್ಲಿ,
ಬೋಟು ಕಾರವಾರದಾಚೆ, ಹೊರಟು ಆರು ದಿನ.
ಅಲ್ಲಿ ಟವರಿಲ್ಲ. ನೀರಿಗೆ ಯಾರು ಕಂಬ ನೆಡುತ್ತಾರೆ?
ಮೂಲೆಯಲ್ಲೊಂದು ಗಡಿಯಾರ ಹಿಂದಕ್ಕೆ ಓಡತೊಡಗಿತು,
ಒಂಬತ್ತು ಐವತ್ತೊಂಬತ್ತು,
ಒಂಬತ್ತು ಐವತ್ತೆಂಟು.
ಬಂಗುಡೆಯಾದರೂ ಐಸಿನಲ್ಲಿ ವಾರ ತಡೆಯುತ್ತದೆ,
ಕಣ್ಣು ಕೆಂಪಾಗುವವರೆಗೆ ಚೌಕಾಸಿ ನಡೆಯುತ್ತದೆ.
ಈ ಅಂಕೆಗೆ ಹತ್ತೇ ನಿಮಿಷ ಆಯುಸ್ಸು.

ಮತ್ತೆ ಕಳುಹಿಸು.
ಮತ್ತೆ ಕಳುಹಿಸು.

ದಕ್ಕೆಗೆ ಓಡಿದೆವು. ಮಾಲಕರ ರೈಟರ್ ವಿಟ್ಟಪ್ಪ ಸಾಲ್ಯಾನ್
ವೈರ್‌ಲೆಸ್ ಹಿಡಿದು ಕೂಗಿದ. ಮಲ್ಪೆಯ ಬೋಟು ಕೇಳಿ
ಭಟ್ಕಳದ ಬೋಟಿಗೆ ಹೇಳಿತು, ಅದು ಮುಂದಿನದಕ್ಕೆ.
ಹಾಗೆ ಕಡಲಿನುದ್ದಕ್ಕೂ ಬಾಯಿಂದ ಬಾಯಿಗೆ
ಒಂದು ಹುಡುಗಿಯ ಫಾರ್ಮು ಹೋಯಿತು.
ತಾಂಡೇಲನ ನಗುವೂ ಅದೇ ದಾರಿಯಲ್ಲಿ ವಾಪಸು ಬಂತು:
"ಆರು ಅಂಕೆಯಾ? ಆರು ಬುಟ್ಟಿ ಬೊಂಡಾಸ್ ಬೇಕಾದರೆ ಕೇಳಿ.
ಟವರು ಸಿಗುವಲ್ಲಿಗೆ ತಿರುಗಿಸಿದರೆ
ಡೀಸೆಲ್ ಯಾರ ಲೆಕ್ಕಕ್ಕೆ?"
ತಪ್ಪೇನು ಹೇಳಿದ? ಏಳು ಜನರ ಪಾಲು ಆ ಬಲೆಯಲ್ಲಿತ್ತು.

ಹುಡುಗಿ ಕೊನೆಯ ಫೆರಿ ಹತ್ತಿದಳು.
ಹತ್ತುವ ಮುಂಚೆ ನಲವತ್ತು ರೂಪಾಯಿ ಎಣಿಸಿ ಕೊಟ್ಟಳು.
ಬೇಡ ಅನ್ನಬಹುದಿತ್ತು.
ತೆಗೆದುಕೊಂಡೆ.

ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ
ಬಾಗಿಲು ಹಾಕಿಕೊಂಡಿತು, ಸದ್ದೇ ಇಲ್ಲದೆ.
ಕೈ ಮುಗಿಯಲು, ಬೈಯಲು, ಒಂದು ಚಾ ಕುಡಿಸಿ ನೋಡಲು
ಆ ಕಡೆ ಒಬ್ಬ ಗುಮಾಸ್ತನೂ ಇರಲಿಲ್ಲ.

ಐದನೆಯ ದಿನ ಇದಿನಬ್ಬ ತಾನೇ ಬಂದ.
ನಿಂತಲ್ಲೇ ತುಸು ತೂಗುತ್ತಿದ್ದ, ಕಾಲಿನ್ನೂ ನೆಲ ಹಿಡಿದಿರಲಿಲ್ಲ.
ಲಕೋಟೆಯಿಂದ ತೆಗೆಯುವ ಹಾಗೆ
ಪ್ಲಾಸ್ಟಿಕ್ಕಿನಿಂದ ಫೋನು ತೆಗೆದ.
"ಅಳಿವೆ ಬಾಗಿಲಿಗೆ ಬಂದದ್ದೇ ತಡ ಸರ್,
ಟುಂಯ್ ಟುಂಯ್ ಟುಂಯ್,
ಹದಿನಾಲ್ಕು! ಒಂದನ್ನೂ ಅಳಿಸಿಲ್ಲ.
ಎಂಜಿನ್ ನೋಡುವ ಹುಡುಗ ಓದಿ ಹೇಳಿದ,
ಯಾರಿಗೂ ಹೇಳಬಾರದು ಅಂತ ಬರೆದಿದೆಯಂತೆ.
ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.
ಈಗ ನೀವು ಬೇಕಾದ್ದು ಆರಿಸಿಕೊಳ್ಳಿ."

ಪರದೆಯ ಮೇಲೆ ಮೀನಿನ ಹುರುಪೆಯೊಂದು
ಒಣಗಿ ಅಂಟಿಕೊಂಡಿತ್ತು.
ಏನಾದರೂ ಮಾಡಬೇಕಲ್ಲ ಎಂದು
ಉಗುರಿನಿಂದ ಕೆರೆದೆ.
ಅಡಿಯಲ್ಲಿ ಒಂದು ಏಳು ಇತ್ತು.